ಕಾರಿನಡಿಯ ಕೇಕ್ ಟ್ರೇ

ಕೆಂಪಗೆ ಏನೋ ಹೊಳೆಯಿತು, ಕಾರು ಹಿಂದಕ್ಕೆ ಸರಿದ ಜಾಗದಲ್ಲಿ, ಗ್ಯಾರೇಜಿನ ನೆಲದ ಮೇಲೆ — ರಕ್ತದ ಕೆಂಪಲ್ಲ, ಚೆರ್ರಿ ಶರಬತ್ತಿನ ತಿಳಿಗೆಂಪು — ಬ್ರಿಟಾ ಬ್ರೇಕಿನ ಮೇಲೆ ಕಾಲಿಟ್ಟು ಗಾಜಿನೊಳಗಿಂದ ಅದನ್ನೇ ನೋಡಿದಳು, ಬೆಳಗಾಗಿದೆ, ಸುಮ್ಮನೆ ಒಂದು ಬೆಳಗು, ಕಸದ ಲಾರಿ ಬಂದು ಹೋಯಿತು, ಅತ್ತೆ ನಿನ್ನೆ ಸಂಜೆ ತಮ್ಮೂರಿಗೆ ಹೊರಟರು, ಚರ್ಚಿನಲ್ಲಿ ಸತ್ತ ಗಂಡನಿಗೆ ವಿದಾಯ ಹೇಳಿದ್ದೂ ಆಯಿತು, ಮಣ್ಣು ಮಾಡುವುದು ಮಾತ್ರ ಹಿಮಕ್ಕೆ ಕಲ್ಲಾದ ನೆಲ ಕರಗಿದ ಮೇಲೆ, ಅಲ್ಲಿಯವರೆಗೆ ಲೈಲ್ ಕಾಯುತ್ತಾನೆ, ಕಾಯುವುದು ಅವನಿಗೆ ಬರುತ್ತಲೇ ಇರಲಿಲ್ಲ, ಆದರೆ ಬ್ರೆಡ್ಡು ಮುಗಿದಿದೆ, ಅಷ್ಟೇ, ಬ್ರೆಡ್ಡು ತರಲು ಹೊರಟಿದ್ದು. ಇಳಿದು ನೋಡಿದರೆ ಒಂದು ಟ್ರೇ, ಕೇಕ್ ಬೇಯಿಸುವ ಉದ್ದನೆಯ ಅಲ್ಯೂಮಿನಿಯಂ ಟ್ರೇ, ಅದರಲ್ಲಿ ಬೆರಳ ಗೆಣ್ಣಿನಷ್ಟು ಆಳಕ್ಕೆ ಗೇರ್‌ಬಾಕ್ಸಿನ ಕೆಂಪೆಣ್ಣೆ, ಅವನು ಹೋದಂದಿನಿಂದ ಕಾರು ಕದಲಿಲ್ಲ, ಹನಿ ಹನಿಯಾಗಿ ಬೀಳುತ್ತಲೇ ಇತ್ತು, ಅವಳು ಶವಪೆಟ್ಟಿಗೆಯ ಬಣ್ಣ ಆರಿಸುತ್ತಿದ್ದಾಗಲೂ ಬೀಳುತ್ತಿತ್ತು. ಆದರೆ ಸರಿಯಾಗಿದೆ ಅಂದಿದ್ದನಲ್ಲ, ಕ್ರಿಸ್‌ಮಸ್ಸಿನ ಆಸುಪಾಸು, ಒಂದು ರಬ್ಬರ್ ಉಂಗುರ ಕಣೇ, ಹಾಕಿಸಿದೆ, ಮುಗೀತು, ಅಂದಿದ್ದ, ಒದ್ದೆ ಕೈಯನ್ನು ಅವಳ ಕುತ್ತಿಗೆಗೆ ಒತ್ತಿ ನಕ್ಕಿದ್ದ, ಅವಳು ನಂಬಿದಳು, ಹೊಸ ಕಾರು ಬೇಕೇ ಬೇಕು ಅಂತ ಹಟ ಹಿಡಿದವಳು ಅವಳೇ, ವಾರಂಟಿ ಇರುವ ಕಾರು, ಹಿಮದ ನಡುವೆ ಪ್ರಾಣ ಬಿಡದ ಕಾರು, ಚಳಿಗಾಲಕ್ಕೆ ಮುಂಚೆ, ಗೋಧಿ ಕೊಯ್ಲು ಮುಗಿದ ಮೇಲೆ ಕೊಂಡರು, ತಿಂಗಳು ತುಂಬುವುದರೊಳಗೆ ನೆಲದ ಮೇಲೆ ಕೆಂಪು ಚುಕ್ಕೆ. ಶೋರೂಮಿನವರು ಸೋರಿಕೆ ಅನ್ನಲಿಲ್ಲ, ಜಿನುಗು ಅಂದರು, ಹೊಸ ಗಾಡಿ ಸ್ವಲ್ಪ ಬೆವರುತ್ತೆ ಸರ್, ಓಡಿಸಿ ನೋಡಿ, ನೀವು ಮಾತ್ರ ಕೈ ಹಾಕ್ಬೇಡಿ, ವಾರಂಟಿ ಹೋಗುತ್ತೆ — ಕಾಳಿನ ಗೋದಾಮಿನ ಅರ್ಧ ಯಂತ್ರಗಳನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವ ಲೈಲ್ ತನ್ನ ಸ್ವಂತ ಕಾರಿನಡಿ ಮಲಗಿ ಕೈ ಕಟ್ಟಿಕೊಂಡು ನೋಡುತ್ತಿದ್ದ.

ಎಣ್ಣೆಯನ್ನು ಡಬ್ಬಿಗೆ ಸುರಿದು ಟ್ರೇಯನ್ನು ಸಿಂಕಿನಲ್ಲಿ ಬಿಸಿನೀರಿಗೆ ಹಿಡಿದಳು, ಯಾರದ್ದೋ ಟ್ರೇ, ಅಡುಗೆಮನೆಯ ಕಟ್ಟೆ ತುಂಬ ಯಾರು ಯಾರದ್ದೋ ಪಾತ್ರೆಗಳೇ, ಸಾವಿನ ಮನೆಗೆ ಇಡೀ ಊರು ಬೇಯಿಸಿ ತರುತ್ತದೆ, ಅಣಬೆ ಸಾರಿನಲ್ಲಿ ಬೆಂದ ಆಲೂಗಡ್ಡೆ, ನೂಡಲ್ಸು, ಮತ್ತೆ ಆಲೂಗಡ್ಡೆ, ಪ್ರತಿಯೊಂದರ ತಳಕ್ಕೂ ಕಾಗದದ ಅಂಟುಪಟ್ಟಿ, ಅದರ ಮೇಲೆ ಮನೆಯಾಕೆಯ ಹೆಸರು, ತೊಳೆದು ಅವರವರಿಗೆ ಮುಟ್ಟಿಸುವುದು ವಿಧವೆಯ ಮೊದಲ ಕೆಲಸ ಅಂದಿದ್ದರು ಅತ್ತೆ, ಒಳ್ಳೇದೇ ಮಗಳೇ, ನಾಲ್ಕು ಜನರ ಮುಖ ನೋಡಿದ ಹಾಗಾಗುತ್ತೆ. ಟ್ರೇ ತಿರುಗಿಸಿದಳು, ಅಂಟುಪಟ್ಟಿ ಎಣ್ಣೆ ಕುಡಿದು ಕೆಂಪಾಗಿತ್ತು, ಹೆಸರು ಅಳಿಸಿರಲಿಲ್ಲ. ರೋಶೆಲ್. ಗೋದಾಮಿನ ತೂಕದ ಕೋಣೆಯ ರೋಶೆಲ್, ಲಾರಿಗಳನ್ನು ತೂಗುವವಳು, ಗಂಡನನ್ನು ಬಿಟ್ಟವಳು, ಲೈಲ್‌ನ ಕೆಲಸದ ಜಾಗದಿಂದ ಹತ್ತು ಹೆಜ್ಜೆ ಆಚೆಗೆ ದಿನವಿಡೀ ಕೂರುವವಳು, ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿದ್ದಳು, ಕೆಳಗಿನ ಊಟದ ಕೋಣೆಗೆ ಬರಲಿಲ್ಲ, ಏನೂ ಬೇಯಿಸಿ ತರಲಿಲ್ಲ, ಊರಿನಲ್ಲಿ ಏನೂ ತರದವಳು ಅವಳೊಬ್ಬಳೇ ಅಂತ ಹೆಂಗಸರು ಗೊಣಗಿದ್ದರು — ತರುವುದೇನು, ಅವಳ ಪಾತ್ರೆ ಆಗಲೇ ಈ ಮನೆಯೊಳಗಿತ್ತು.

ಫೋನು ಬಡಿದುಕೊಂಡಿತು. ಲೈಲ್‌ದು, ಚಾರ್ಜಿಗೆ ಯಾಕೆ ಹಾಕಿಟ್ಟಿದ್ದಳೋ ಅವಳಿಗೇ ತಿಳಿಯದು. ಶೋರೂಮಿನ ಸರ್ವಿಸ್ ಕೌಂಟರಿನ ಹುರುಪಿನ ಗಂಡುದನಿ, ಲೈಲ್ ಇದಾರಾ, ಅವರ ಕಾರಿನ ರಬ್ಬರ್ ಸೀಲು ಬಂದಿದೆ, ಕಾರು ತಂದುಬಿಡಿ, ಎಲ್ಲಾ ವಾರಂಟೀಲೇ ಆಗುತ್ತೆ. ಇಲ್ಲ ಅಂದಳು. ಹೊರಗೆ ಹೋಗಿದಾರಾ. ಹೌದು. ಓ, ನೀವು ಅವರ ಮನೆಯವರಲ್ವಾ, ಹೋದ ಸಲ ಹಿಂದೆ ಇನ್ನೊಂದು ಗಾಡೀಲಿ ಬಂದಿದ್ರಲ್ಲ, ನಮ್ಮ ಕಾಫೀನ ಡಾಂಬರಿನ ಬದಲು ರಸ್ತೆಗೆ ಸುರೀರಿ ಅಂದ್ರಿ, ಇಬ್ಬರೂ ಎಷ್ಟು ನಕ್ಕಿದ್ರಿ — ನೀವೇ ಅಲ್ವಾ? ಸಿಂಕಿನ ನೀರು ಸುರಿಯುತ್ತಲೇ ಇತ್ತು. ಹೌದು, ನಾನೇ, ಅಂದಳು ಬ್ರಿಟಾ.

ಟ್ರೇ ಪಕ್ಕದ ಸೀಟಿನಲ್ಲಿದೆ, ಒರೆಸಿ ಹೊಳಪು ಬಂದಿದೆ, ಬ್ರೆಡ್ಡಿನ ಅಂಗಡಿ ಹಿಂದೆ ಉಳಿಯಿತು, ರಸ್ತೆಯ ಎರಡೂ ಬದಿ ಹಿಮ, ಕೊಯ್ದ ಗೋಧಿಯ ಕೂಳೆ ಅಲ್ಲಲ್ಲಿ ತಲೆ ಎತ್ತಿದೆ, ಇಬ್ಬರೂ ಎಷ್ಟು ನಕ್ಕಿದ್ರಿ. ಶೋರೂಮಿಗೆ ಕಾರು ಬಿಡಲು ಹೋಗುವವನ ಹಿಂದೆ ಇನ್ನೊಬ್ಬರು ಹೋಗಬೇಕು, ಇಲ್ಲದಿದ್ದರೆ ಅರವತ್ತು ಮೈಲಿ ನಡೆದು ಬರಬೇಕು, ಅದು ಹೆಂಡತಿಯ ಕೆಲಸ, ಎಲ್ಲೂ ಬರೆದಿಟ್ಟಿಲ್ಲ, ಮಕ್ಕಳಿಗೂ ಗೊತ್ತು. ಹಾಗೆ ಹೋದವಳು ರೋಶೆಲ್, ಬರುವಾಗ ಪಕ್ಕದಲ್ಲಿ ಅವನನ್ನು ಕೂರಿಸಿಕೊಂಡು, ಹೀಟರಿನ ಬಿಸಿಗಾಳಿ, ಇಬ್ಬರ ಉಸಿರು, ಅವನು ಕೈಗವಸು ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ, ಏನಾದರೂ ಹೇಳುತ್ತಾನೆ, ಅರವತ್ತು ಮೈಲಿ ತುಂಬುವಷ್ಟು ಹೇಳುತ್ತಾನೆ, ಮನೆಯಲ್ಲಿ ಊಟದ ಹೊತ್ತು ಉಪ್ಪು ಕೊಡು ಅನ್ನುವುದಷ್ಟೇ ಅವನ ಮಾತು — ಮತ್ತೆ ಅವಳ ಮನೆ, ಬಾ ಕಾಫಿ ಕುಡಿ ಅನ್ನುತ್ತಾಳೆ, ಬಾಗಿಲಲ್ಲೇ ಬೂಟು ಕಳಚಬೇಕು, ಯಾರ ಮನೆಯಾದರೂ ಸರಿ, ಅವನ ದೊಡ್ಡ ಬೂಟುಗಳು ಅವಳ ಬಾಗಿಲಲ್ಲಿ, ಅವನು ಬರಿಯ ಕಾಲುಚೀಲದಲ್ಲಿ ಅವಳ ಅಡುಗೆಮನೆಗೆ ನಡೆಯುತ್ತಾನೆ, ಎಡಗಾಲಿನ ಹೆಬ್ಬೆರಳ ಬಳಿ ತೂತು, ಹೊಲಿದುಕೊಡು ಅಂತ ತನ್ನನ್ನು ಕೇಳಿದ್ದ, ತಾನು ಹೊಲಿಯಲಿಲ್ಲ, ಅದನ್ನು ಅವಳು ನೋಡಿರಬೇಕು, ಬೂಟುಗಳು ಬಾಗಿಲಲ್ಲಿ ಒಂದಕ್ಕೊಂದು ಒರಗಿ. ಸತ್ತವನಿಗಾಗಿ ಹೊಟ್ಟೆಕಿಚ್ಚು, ಇದಕ್ಕೆ ವಿಶ್ವವಿದ್ಯಾಲಯದಲ್ಲಿ ಏನೋ ಹೆಸರು ಕಲಿಸಿದ್ದರು, ಪರೀಕ್ಷೆಯಲ್ಲಿ ಬರೆದೂ ಇದ್ದಳು, ಈಗ ನೆನಪಾಗುವುದಿಲ್ಲ. ಮುಟ್ಟಿದ್ದನೇ, ಮುಟ್ಟಲಿಲ್ಲವೇ, ಅಷ್ಟು ತಿಳಿದರೆ ಸಾಕು, ಇಲ್ಲ, ಸಾಲದು, ನಕ್ಕಿದ್ದು ಯಾವುದಕ್ಕೆ ಅಂತ ತಿಳಿಯಬೇಕು.

ರೋಶೆಲ್ ಬಾಗಿಲು ತೆರೆದಳು, ಗಂಡಸರ ಅಳತೆಯ ಸ್ವೆಟರು, ಲೈಲ್‌ದಲ್ಲ, ಅದನ್ನೇ ಮೊದಲು ನೋಡಿದ್ದು, ಲೈಲ್‌ದಲ್ಲ. ಟ್ರೇಯನ್ನು ಎರಡೂ ಕೈಯಲ್ಲಿ ಈಸಿಕೊಂಡು ಇದನ್ಯಾಕೆ ತೊಳೆದೆ, ಎಣ್ಣೆ ಹಿಡಿಯೋಕೆ ಅಂತ ಅವನಿಗೆ ಕೊಟ್ಟಿದ್ದು, ಎಸೆಯೋ ಟ್ರೇ ಕಣೇ, ಅಂದಳು, ಅವಳ ಕಣ್ಣ ಕೆಳಗೆ ಕಪ್ಪು ಸುತ್ತಿತ್ತು, ತನ್ನ ಕಣ್ಣ ಕೆಳಗೆ ಇಲ್ಲದಷ್ಟು. ಒಳಗೆ ಬಾ. ಇಲ್ಲ. ಶೋರೂಮಿಗೆ ಅವನ ಹಿಂದೆ ನೀನೇ ಹೋಗಿದ್ಯಾ, ಬ್ರಿಟಾ ಕೇಳಿದಳು. ಹೂಂ, ಎರಡು ಸಲ. ನನ್ನನ್ಯಾಕೆ ಕರೀಲಿಲ್ಲ ಅವನು. ರೋಶೆಲ್ ಟ್ರೇಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದಳು. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದ. ಹಳೇ ಗಾಡಿ ಇದ್ದಾಗ ಅವನು ಬರೋವರ್ಗೂ ನೀನು ಕಿಟಕಿ ಹತ್ರ ನಿಂತಿರ್ತಿದ್ಯಂತೆ. ಹೊಸದು ಬಂದ್ಮೇಲೆ ಮಲಗ್ತಿದಾಳೆ ಅಂದ, ಚೆನ್ನಾಗಿ ನಿದ್ದೆ ಮಾಡ್ತಿದಾಳೆ, ಬಾಯಿ ತೆರ್ಕೊಂಡು, ಇನ್ನೂ ಸೋರುತ್ತೆ ಅಂತ ಗೊತ್ತಾದ್ರೆ ಮತ್ತೆ ಕಿಟಕಿಗೆ ಬರ್ತಾಳೆ ಅಂದ. ಶೋರೂಮಲ್ಲಿ ಕಾಫಿ ಹಿಡ್ಕೊಂಡು ಕೂತಿದ್ವಿ, ಬಾಯಿ ತೆರ್ಕೊಂಡು ಅಂದಾಗ ನಂಗೆ ನಗು ಬಂತು, ಅವನೂ ನಕ್ಕ.

ಇಷ್ಟೇ, ಇದೇ ಆ ನಗು, ಒಳ್ಳೆಯದೇ, ಯಾವ ಹೆಂಡತಿಯಾದರೂ ಕೇಳಬಯಸುವ ಮಾತು, ಹಾಗಿದ್ದರೂ ಹೊಟ್ಟೆಕಿಚ್ಚು ಆರುವುದಿಲ್ಲ, ತನ್ನ ನಿದ್ದೆ, ತನ್ನ ತೆರೆದ ಬಾಯಿ, ತಾನು ನೋಡಲಾಗದ ತನ್ನ ಮುಖ, ಅದನ್ನು ಲೈಲ್ ನೋಡಿ ತನ್ನೊಳಗೆ ಇಟ್ಟುಕೊಳ್ಳಲಿಲ್ಲ, ತನಗೆ ಹೇಳಲಿಲ್ಲ, ತಂದು ಈಕೆಯ ಮೇಜಿನ ಮೇಲೆ ಇಟ್ಟ — ಅವನಿಗೆ ತನ್ನ ಮೇಲಿದ್ದ ಪ್ರೀತಿಯನ್ನು ಕೇಳಿದವಳು ಇವಳು, ತಾನು ಮಲಗಿದ್ದಳು. ಚಳಿ ಒಳಗೆ ಬರ್ತಿದೆ ಬಾರೇ ಅಂತ ರೋಶೆಲ್ ಹಿಂದಕ್ಕೆ ಹೆಜ್ಜೆ ಇಟ್ಟಳು, ಇಡುವಾಗ ಕಾಲು ತಾನಾಗಿ ಬಳಸಿತು, ಬಾಗಿಲ ಪಕ್ಕದ ಕಪ್ಪು ಚಾಪೆಯ ಮೇಲಿನ ಯಾವುದನ್ನೋ ತುಳಿಯದ ಹಾಗೆ, ಬ್ರಿಟಾ ಕೆಳಗೆ ನೋಡಿದಳು. ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು, ಬೂಟಿನಿಂದ ಕರಗಿ ಇಳಿದು ಒಣಗಿ ಬೆಳ್ಳಗೆ ಗೆರೆ ಕಟ್ಟಿದೆ, ದೊಡ್ಡ ಪಾದಗಳ ಎರಡು ಗೆರೆ, ಲೈಲ್‌ನ ಬೂಟಿನ ಅಳತೆ, ಅಕ್ಕಪಕ್ಕ, ಈಕೆಯ ಸಣ್ಣ ಚಪ್ಪಲಿಗಳು ಅವಕ್ಕೆ ತಾಗದಂತೆ ದೂರ ಸರಿದು ಕೂತಿವೆ, ಇಷ್ಟು ದಿನ ಯಾರೂ ಒರೆಸಿಲ್ಲ. ತನ್ನ ಬಾಗಿಲಲ್ಲೂ ಇದ್ದವು, ಇದ್ದಿರಬೇಕು, ನೆಂಟರು ಬರುತ್ತಾರೆಂದು ಚರ್ಚಿನ ಹೆಂಗಸರು ಅವತ್ತು ಬಂದು ನೆಲವನ್ನೆಲ್ಲ ಸೋಪು ಹಾಕಿ ಉಜ್ಜಿದರು, ಚಾಪೆಯನ್ನೂ ಉಜ್ಜಿದರು, ತಾನು ಅವರಿಗೆ ಥ್ಯಾಂಕ್ಸ್ ಅಂದಳು, ರೋಶೆಲ್ ಏನೋ ಹೇಳುತ್ತಿದ್ದಾಳೆ, ಕಾಫಿ, ಹಾಲು, ಕೇಳಿಸುವುದಿಲ್ಲ, ಬಿಳಿ ಗೆರೆ, ಅಗಲವಾದ ಹಿಮ್ಮಡಿ, ಮುಂಗಾಲು, ಎರಡು, ಅಕ್ಕಪಕ್ಕ, ಒಳಗೆ ಯಾರೂ ಇಲ್ಲದ ಬಿಳಿ ಗೆರೆ