ತಂತಿ ಮೇಷ್ಟ್ರು

ಕೈಗೆ ಸಿಕ್ಕಿದ್ದನ್ನು ಎಳೆದು ನೋಡದೆ ಬಿಡುವ ಜಾಯಮಾನ ಅವರದಲ್ಲ. ರಬ್ಬರ್ ಬ್ಯಾಂಡು, ಸಹೋದ್ಯೋಗಿಯ ಚೀಲದ ಪಟ್ಟಿ, ಒಮ್ಮೆ ಮಾತಿನ ಭರದಲ್ಲಿ ನನ್ನ ಸ್ವೆಟರಿನ ತೋಳು, ಎಲ್ಲವೂ ಅವರ ಬೆರಳುಗಳ ನಡುವೆ ಪರೀಕ್ಷೆಗೊಳಗಾದವೇ. ಜೇಬಿನಲ್ಲಿ ಸದಾ ತೂಕದ ಬಿಲ್ಲೆಗಳನ್ನು ಹೊತ್ತು ಬೂದುಬಣ್ಣದ ಕೋಟು ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ನಡಿಗೆಯೂ ಅತ್ತಲೇ ವಾಲಿತ್ತು. ಕಾಲೇಜಿಗೆಲ್ಲ ಅವರು ತಂತಿ ಮೇಷ್ಟ್ರು. ಭಾಷೆ ಕಲಿಸುವ ನನ್ನ ಕೋಣೆಗೂ ಅವರ ಭೌತಶಾಸ್ತ್ರದ ಪ್ರಯೋಗಶಾಲೆಗೂ ನಡುವೆ ಒಂದೇ ಗೋಡೆ.

ರಬ್ಬರಿಗಿಂತ ಉಕ್ಕಿಗೇ ಸ್ಥಿತಿಸ್ಥಾಪಕತೆ ಹೆಚ್ಚೆಂದು ಅವರು ಹೇಳಿದಾಗ ನಾನು ನಂಬಿರಲಿಲ್ಲ.

"ಎಷ್ಟು ಉದ್ದ ಆಗತ್ತೆ ಅಂತಲ್ಲ ಸ್ವಾಮಿ. ಹಿಗ್ಗಿಸೋಕೆ ಎಷ್ಟು ಬಲ ಬೇಕು, ಬಿಟ್ರೆ ಮೊದಲಿನ ಹಾಗೇ ಆಗತ್ತಾ, ಅದು ಲೆಕ್ಕ."

ತೊಲೆಯಿಂದ ಉಕ್ಕಿನ ತಂತಿ ಇಳಿಬಿಟ್ಟು, ಕೆಳಗೆ ತೂಕ ಏರಿಸಿ, ಕೂದಲೆಳೆಯಷ್ಟು ಸೂಕ್ಷ್ಮವಾದ ಹಿಗ್ಗನ್ನು ತಿರುಪಿನ ಅಳತೆಯಲ್ಲಿ ಓದಿಸುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ರಕ್ಷಣೆಯ ಕನ್ನಡಕವಿಲ್ಲದೆ ಯಾರಿಗೂ ಒಳಗೆ ಪ್ರವೇಶವಿರಲಿಲ್ಲ.

ಅಂದು ಗೋಡೆಯಾಚೆ ಚಾಟಿ ಬೀಸಿದಂಥ ಸದ್ದು, ಬೆನ್ನಿಗೇ ಚೀತ್ಕಾರ. ನಾನು ಅತ್ತ ಓಡಿದೆ. ತುಂಡಾದ ತಂತಿ ಇನ್ನೂ ತೂಗಾಡುತ್ತಿತ್ತು. ಮೇಷ್ಟ್ರು ಎಡಗಣ್ಣಿಗೆ ಅಂಗೈ ಒತ್ತಿ ಕುಳಿತಿದ್ದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವರ ಕನ್ನಡಕ ಎದುರಿನ ವಿದ್ಯಾರ್ಥಿನಿಯ ಮೂಗಿನ ಮೇಲಿತ್ತು! ತನ್ನದನ್ನು ಮರೆತು ಬಂದವಳಿಗೆ ಅದನ್ನು ಕೊಟ್ಟು ತಾವು ಬರಿಗಣ್ಣಲ್ಲಿ ನಿಂತಿದ್ದರು. ಮಿತಿ ಮೀರಿ ತೂಕ ಇಟ್ಟವಳೂ ಅವಳೇ.

"ನಿಂಗೇನೂ ತಾಗಿಲ್ವಲ್ಲಮ್ಮ?" ಎಂದರು.

ಕಣ್ಣು ಉಳಿಯಲಿಲ್ಲ. ಹುಡುಗಿಯನ್ನು ಹೊರಹಾಕಿ ಪ್ರಯೋಗವನ್ನೇ ನಿಲ್ಲಿಸುವುದೆಂದು ಪ್ರಾಂಶುಪಾಲರು ಹೇಳುತ್ತಿದ್ದ ಸಭೆಗೆ ಮೇಷ್ಟ್ರು ಬ್ಯಾಂಡೇಜು ಕಟ್ಟಿಕೊಂಡೇ ಬಂದರು.

"ಹುಡುಗಿನೂ ಇರ್ಲಿ, ತಂತಿನೂ ಇರ್ಲಿ. ಕನ್ನಡಕ ಇಲ್ದೆ ನಿಂತವನು ನಾನು, ತೂಕ ನೋಡ್ಕೊಳ್ಳದೆ ಇದ್ದವನೂ ನಾನೇ."

ಅಲ್ಲಿಂದ ನೇರವಾಗಿ ಅವಳನ್ನು ಪ್ರಯೋಗಶಾಲೆಗೆ ಕರೆದೊಯ್ದು ಹೊಸ ತಂತಿ ಕಟ್ಟಿಸಿದರು.

"ನನ್ನ ಕೈಲಾಗಲ್ಲ ಸಾರ್," ಎಂದು ಅತ್ತಳು.

"ಆಗತ್ತೆ. ಒಂದೊಂದೇ ಇಡು. ಅಳತೆ ನೀನೇ ಓದಿ ಹೇಳು, ನಂಗೀಗ ಸರಿಯಾಗಿ ಕಾಣಲ್ಲ."

ದನಿ ಎಷ್ಟು ನಿರಾಳವಾಗಿತ್ತೆಂದರೆ ಅವಳು ಕಣ್ಣೊರೆಸಿಕೊಂಡು ತೂಕ ಎತ್ತಿದಳು. ಆಗಲೇ ಬಾಗಿಲಲ್ಲಿ ನಿಂತಿದ್ದ ನಾನು ದಿಗ್ಭ್ರಾಂತನಾದದ್ದು. ಒಂದೊಂದು ಬಿಲ್ಲೆ ಬಿದ್ದಾಗಲೂ ಅವಳ ಬೆನ್ನ ಹಿಂದೆ ಮೇಷ್ಟ್ರ ಮಂಡಿ ಗಡಗಡ ನಡುಗುತ್ತಿತ್ತು. ಮೇಜಿನ ಅಂಚು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಉಳಿದ ಕಣ್ಣನ್ನು ಬಿಗಿಯಾಗಿ ಮುಚ್ಚಿದ್ದರು. ಅವಳು ತಿರುಗುವಷ್ಟರಲ್ಲಿ ತೆರೆದು ನಕ್ಕರು.

ಧೈರ್ಯವೆಂಬುದು ಕೆಲವರ ಹುಟ್ಟುಗುಣವೆಂದು ಅದುವರೆಗೆ ತಿಳಿದಿದ್ದೆ. ಇಂಥ ಗುರುಗಳಿಗೂ ಭಯವಿರುತ್ತದೆ, ನಮ್ಮೆಲ್ಲರಿಗಿಂತ ಹೆಚ್ಚೇ ಇರುತ್ತದೆ. ಅದನ್ನು ಮಕ್ಕಳ ಎಲೆಗೆ ಬಡಿಸದೆ, ತಾವೊಬ್ಬರೇ ಉಂಡು ಮುಗಿಸುತ್ತಾರೆ.