ಒಳಮಡಿಕೆ

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾರು ಮೆಟ್ಟಿಲು. ನಲವತ್ತು ವರ್ಷದಿಂದ ಟೇಪನ್ನು ಕೊರಳಿಗೆ ಹಾಕಿಕೊಂಡು ಓಡಾಡುವ ದರ್ಜಿ ನಾನು. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಸೊಂಟದ ಅಳತೆ ಕಣ್ಣಲ್ಲೇ ಹೇಳುತ್ತೇನೆ. ಯಾವ ಬಟ್ಟೆಗಾದರೂ ಒಳಗೆ ಎರಡು ಇಂಚು ಮಡಿಸಿ ಬಿಟ್ಟೇ ಹೊಲಿಯುವುದು ನನ್ನ ಪದ್ಧತಿ. "ನನ್ನ ಕೈಯ ಅಂಗಿ ಮೈ ಜೊತೆ ಬೆಳೆಯುತ್ತೆ" ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನನ್ನನ್ನು ಮುಳುಗಿಸಿದ್ದು ಈ ಜಂಬವೇ.

ಹೆಂಡತಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಕೆಂಪು ಔಷಧಿ ಡ್ರಿಪ್ಪಿನಲ್ಲಿ ಇಳಿಯತೊಡಗಿದರೆ ಅವಳು "ಶರಬತ್ತು ಬಂತು" ಎಂದು ನಗುತ್ತಿದ್ದಳು. ಗಡ್ಡೆ ಹೋಯಿತು. ಮೂಳೆ ಚಕ್ಕಳವಾಗಿ ಮನೆಗೆ ಬಂದಳು. ಹೊರಡುವಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಈ ಔಷಧಿ ಕೆಲವರ ಹೃದಯಾನ ಬಲಹೀನ ಮಾಡುತ್ತೆ. ಆರು ತಿಂಗಳಿಗೊಮ್ಮೆ ಹೃದಯದ ಸ್ಕ್ಯಾನ್ ಮಾಡಿಸಿ. ಏದುಸಿರು ಬಂದ್ರೆ, ಕಾಲು ಊದಿದ್ರೆ ಕಾಯಬೇಡಿ." ಅವಳು ಕೇಳಿಸಿಕೊಂಡಳು. ನಾನು ಹೂಂಗುಟ್ಟಿದೆ.

ಆ ಬಡಕಲು ಮೈಗೆ ಒಂದು ಹಸಿರು ಅಂಗಿ ಹೊಲಿದುಕೊಟ್ಟೆ. ಮೊದಲ ಸ್ಕ್ಯಾನ್ ಚೆನ್ನಾಗಿಯೇ ಬಂತು. ವರ್ಷ ತುಂಬುವ ಹೊತ್ತಿಗೆ ಅಂಗಿ ಹೊಟ್ಟೆಯ ಹತ್ತಿರ ಬಿಗಿಯಾಯಿತು. ನಾನು ಹಿರಿಹಿರಿ ಹಿಗ್ಗಿ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಡಿಸಿದೆ. ಎರಡು ವಾರಕ್ಕೆ ಮತ್ತೆ ಅರ್ಧ ಇಂಚು. ಮೂರನೇ ಸಲವಂತೂ ಪಕ್ಕದ ಅಂಗಡಿಯವನಿಗೂ ಸಿಹಿ ಹಂಚಿದೆ.

"ಇದು ಮೈ ಬಂದಿರೋದಲ್ಲ ಕಣ್ರೀ" ಅಂದಳು ಅವಳು. "ಮೆಟ್ಟಿಲು ಹತ್ತೋಕೆ ಉಸಿರು ಸಾಲ್ತಿಲ್ಲ. ಚಪ್ಪಲಿ ಬಿಟ್ರೂ ಪಾದದ ಮೇಲೆ ಪಟ್ಟಿ ಗುರುತು ಹೋಗಲ್ಲ. ಆ ಸ್ಕ್ಯಾನ್ ಮಾಡಿಸೋಣ್ವಾ?"

"ತೂಕ ಏರಿದ್ರೆ ಉಸಿರು ಕಟ್ಟದೆ ಇನ್ನೇನು? ಟೇಪು ಸುಳ್ಳು ಹೇಳಲ್ಲ. ಸಮವಸ್ತ್ರದ ಆರ್ಡರ್ ಮುಗೀಲಿ, ಹೋಗೋಣ."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿಜ ಹೇಳಬೇಕೆಂದರೆ ಆರ್ಡರ್ ಒಂದು ನೆಪ. ಆ ಆಸ್ಪತ್ರೆಯ ಬಾಗಿಲು ಮತ್ತೆ ನೋಡಲು ನನಗೆ ಭಯವಿತ್ತು. ಅವಳು ಮೂರು ಸಲ ಕೇಳಿದಳು, ಮೂರು ಸಲವೂ ಮುಂದೂಡಿದೆ.

ಒಂದು ಬೆಳಿಗ್ಗೆ ಹತ್ತನೇ ಮೆಟ್ಟಿಲಲ್ಲಿ ಕುಸಿದು ಕೂತಳು. ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಐದು ದಿನಕ್ಕೆ ಏಳು ಕಿಲೋ ಇಳಿದಳು, ಎಲ್ಲವೂ ನೀರು. ಮೈ ತುಂಬಿತೆಂದು ನಾನು ಸಿಹಿ ಹಂಚಿದ್ದು ಆ ನೀರಿಗೆ! ಹೃದಯಕ್ಕೆ ಅರ್ಧದಷ್ಟೂ ಶಕ್ತಿ ಉಳಿದಿಲ್ಲ ಎಂದರು. "ಆಗಲೇ ಬಂದಿದ್ರೆ ಇಷ್ಟು ಹಾಳಾಗೋಕೆ ಬಿಡ್ತಿರಲಿಲ್ಲ" ಅಂದರು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಅವಳಿಗೆ ಮೆಟ್ಟಿಲು ನಿಷಿದ್ಧ. ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡಲು ಇದ್ದ ಪರದೆಯ ಮೂಲೆಯಲ್ಲೇ ಮಂಚ ಹಾಕಿದ್ದೇನೆ. ದಿನಾ ಬೆಳಿಗ್ಗೆ ತೂಕ ನೋಡಿ, ಅದೇ ಟೇಪಿನಲ್ಲಿ ಅವಳ ಪಾದದ ಗಂಟು ಅಳೆಯುತ್ತೇನೆ. ಒಂದು ಗೆರೆ ಹೆಚ್ಚಿದರೂ ನನ್ನ ಜೀವ ಬಾಯಿಗೆ ಬರುತ್ತದೆ.

ನಿನ್ನೆ ಹಸಿರು ಅಂಗಿ ಕೊಟ್ಟು "ತುಂಬಾ ದೊಗಳೆ, ಹಿಡಿದು ಹೊಲಿದುಕೊಡಿ" ಅಂದಳು. ಒಳಮಗ್ಗುಲು ತಿರುವಿದೆ. ಬಿಚ್ಚಿದ ಹೊಲಿಗೆಗಳ ಮೂರು ಸಾಲು ಸೂಜಿತೂತು ಹಾಗೇ ಇತ್ತು. ಇಸ್ತ್ರಿ ಒತ್ತಿದೆ, ಹೋಗಲಿಲ್ಲ.

"ಅಷ್ಟು ಹೊತ್ತಿಂದ ಏನು ಸವರ್ತಿದೀರಿ?"

"ಮೂರು ಸಲ ಹೇಳಿದ್ದೆ ನೀನು. ನಾನು ಕೇಳಲಿಲ್ಲ ಕಣೇ."

"ಹೂಂ, ಹೇಳಿದ್ದೆ" ಅಂದಳು. ಸಮಾಧಾನ ಮಾಡುತ್ತಾಳೆಂದು ಕಾದೆ. ಮಾಡಲಿಲ್ಲ. ದಿಂಬಿಗೆ ಒರಗಿ ಸ್ವಲ್ಪ ಉಸಿರು ಕೂಡಿಸಿಕೊಂಡಳು.

"ಹೊಲಿದಾದ ಮೇಲೆ ಒಳಮಡಿಕೆ ಕತ್ತರಿಸಿಬಿಡಿ. ಇನ್ನೊಂದ್ಸಲ ಬಿಗಿಯಾದ್ರೆ ಬಿಡಿಸೋಕೆ ನಿಮಗೆ ಬಟ್ಟೆ ಇರಬಾರದು. ಆಸ್ಪತ್ರೆಗೆ ಕರ್ಕೊಂಡು ಹೋಗಿ."

ನಲವತ್ತು ವರ್ಷದಲ್ಲಿ ಯಾರ ಬಟ್ಟೆಯ ಒಳಮಡಿಕೆಯನ್ನೂ ಕತ್ತರಿಸಿದವನಲ್ಲ ನಾನು. ಅವಳು ನೋಡುತ್ತಿದ್ದಳು. ಕತ್ತರಿ ತೆಗೆದುಕೊಂಡೆ.