ಬಿರುಕು ಬಲ್ಲ ಉಸ್ತಾದ್

ಉಸ್ತಾದ್ ಹಬೀಲರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನೂ ಮಾಂಸ ಕಾಣುವಷ್ಟು ಕತ್ತರಿಸಿಕೊಂಡಿದ್ದವರು, ಅದೊಂದನ್ನು ತಂತಿವಾದ್ಯ ನುಡಿಸುವವರ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದರು. ಕೊಲ್ಲಿ ನಾಡಿನ ಸಲ್ಮಾಬಾದಿನಲ್ಲಿದ್ದ ಅವರ ಗ್ಯಾರೇಜಿಗೆ ಸಖೀರಿನ ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರು ಬಂತೆಂದರೆ, ಚಕ್ರ ಕಳಚಿ, ಕಣ್ಣು ಮುಚ್ಚಿ, ಬ್ರೇಕಿನ ಡಿಸ್ಕಿನ ಮೇಲೆ ಆ ಉಗುರನ್ನು ಮೆಲ್ಲನೆ ಎಳೆಯುವರು. ಅದು ತಡೆದಲ್ಲಿ ಬಿರುಕು. ಅವರ ಉಗುರು ತಪ್ಪಿದ್ದನ್ನು, ಪಕ್ಕದಲ್ಲೇ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ಹದಿನೆಂಟು ವರ್ಷ ಕಳೆದ ನಾನು ಒಮ್ಮೆಯೂ ಕಂಡವನಲ್ಲ.

ಮೂವತ್ತು ವರ್ಷ ಚಕ್ರಗಳ ಮುಂದೆ ಮಂಡಿಯೂರಿ ಅವರ ನಡಿಗೆಯೇ ಬಾಗಿಹೋಗಿತ್ತು. ನಡೆಯುವಾಗಲೂ ಈಗ ಕೂತಾರು, ಈಗ ಕೂತಾರು ಎನ್ನಿಸುತ್ತಿತ್ತು. ಜುಲೈ ತಿಂಗಳ ಬೇಗೆಯಲ್ಲೂ ನಿಲುವಂಗಿಯ ಮೇಲೊಂದು ಬೂದು ಕೋಟು. ನಾಲಿಗೆಯೋ, ಅರದಂಥದು. “ಬ್ರೇಕ್ ಪ್ಯಾಡ್ ಸವೆಸಿದ್ದೀಯೋ, ಕೂತು ಅಗಿದಿದ್ದೀಯೋ?” ಎಂದು ದೊಡ್ಡ ಮನೆತನದ ಮಕ್ಕಳನ್ನೂ ಕೇಳಿಬಿಡುವರು. ಬೈಸಿಕೊಂಡವರು ನಗುತ್ತ ಹೋಗಿ ಮರುತಿಂಗಳು ನಗುತ್ತಲೇ ಬರುತ್ತಿದ್ದರು. ಹೀಗಾಗಿ ಬೈಗುಳವೂ ತಮ್ಮ ವಿದ್ಯೆಯ ಒಂದು ಅಂಗವೆಂದೇ ಅವರು ಭಾವಿಸಿದ್ದಿರಬೇಕು.

ಅಂದು ಗುರುವಾರ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನವ್ವಾಫ್, ತಾಯಿಗೆ ಒಬ್ಬನೇ ಮಗ, ನಾಲ್ವರು ಗೆಳೆಯರೊಂದಿಗೆ ತನ್ನ ಕೆಂಪು ಕಾರನ್ನು ತಂದು ನಿಲ್ಲಿಸಿದ.

“ಗಟ್ಟಿ ಪ್ಯಾಡ್ ಹಾಕ್ಬಿಡಿ ಉಸ್ತಾದ್. ನಾಳೆ ಒಂದು ದಿನ ಓಡಿದ್ರೆ ಸಾಕು.”

ಉಗುರು ಎಳೆದು ನೋಡಿದ ಹಬೀಲ್ ತಲೆಯಾಡಿಸಿದರು. “ಹೋಗಿರೋದು ಪ್ಯಾಡಲ್ಲ, ಡಿಸ್ಕು. ಬಿರುಕು ಅಂಚು ಮುಟ್ಟಿದೆ. ಗಟ್ಟಿ ಪ್ಯಾಡ್ ಹಾಕಿದ್ರೆ ಇನ್ನೂ ಕಾದು ಒಡೆದುಹೋಗುತ್ತೆ. ಹೊಸ ಡಿಸ್ಕು ಭಾನುವಾರ ಬರುತ್ತೆ, ಆಮೇಲೆ ಓಡ್ಸು. ಮಾತು ಮುಗೀತು.”

“ಎಲ್ಲಾರಿಗೂ ಬರ್ತೀನಿ ಅಂದ್ಬಿಟ್ಟಿದ್ದೀನಿ ಉಸ್ತಾದ್...”

“ಹಾಗಾದ್ರೆ ನಿನಗೆ ಬೇಕಾಗಿರೋದು ಬ್ರೇಕಲ್ಲಪ್ಪ, ಆಯಾ. ಹೋಗು, ನಿಮ್ಮಮ್ಮನ್ನ ಕರ್ಕೊಂಡ್ಬಾ. ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋಗ್ಲಿ.”

ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ. ನವ್ವಾಫನ ಕಿವಿ ಕೆಂಪಾದದ್ದನ್ನು ಕಂಡೂ ನಕ್ಕೆ. ಅವನು ಚಕ್ರವನ್ನು ತಾನೇ ಕೂರಿಸಿಕೊಂಡು ಹೊರಟುಹೋದ.

ಗಟ್ಟಿ ಪ್ಯಾಡನ್ನು ಬೇರೆ ಯಾರೋ ಹಾಕಿಕೊಟ್ಟರು. ಶುಕ್ರವಾರ ಮಧ್ಯಾಹ್ನ, ನೇರದಾರಿ ಮುಗಿದು ತಿರುವು ಬರುವಲ್ಲಿ ಡಿಸ್ಕು ಒಡೆಯಿತು; ಕಾರು ಗೋಡೆಗೆ ಹೋಯಿತು. ನವ್ವಾಫ್ ಆಸ್ಪತ್ರೆ ತಲುಪಲಿಲ್ಲ.

ಮೂರನೆಯ ದಿನ ಸಂತಾಪಕ್ಕೆ ಹೋದಾಗ ಹಬೀಲರೊಂದಿಗೆ ನಾನೂ ಇದ್ದೆ. ಖರ್ಜೂರದ ತಟ್ಟೆ ಮುಟ್ಟದೆ ಅವರು ಆ ತಾಯಿಯ ಮುಂದೆ ನಿಂತರು.

“ಬೇಡ ಅಂದಿದ್ದೆ ಉಮ್ಮ್ ನವ್ವಾಫ್,” ಎಂದರು, ಅಲ್ಲಿಯ ರೂಢಿಯಂತೆ ತಾಯಿಯನ್ನು ಮಗನ ಹೆಸರಿನಿಂದಲೇ ಕರೆದು.

“ಗೊತ್ತು ಅಣ್ಣಾ, ಹುಡುಗರು ಹೇಳಿದ್ರು,” ಎಂದರು ಆಕೆ. ದನಿಯಲ್ಲಿ ಕೋಪವಿರಲಿಲ್ಲ. “ನಿಮ್ಮ ಬೈಗುಳ ಅಂದ್ರೆ ಅವನಿಗೆ ಇಷ್ಟ. ಮನೇಲಿ ನಿಮ್ಮ ಹಾಗೇ ಮಾತಾಡಿ ನಗಿಸ್ತಿದ್ದ. ಎಲ್ಲಾರ ಎದುರಿಗೆ ಮಾತ್ರ ಅನ್ನಬಾರದಿತ್ತು.”

ಅಂದಿನಿಂದ ಹಬೀಲರ ನಾಲಿಗೆ ಮೊಂಡಾಯಿತು. ಗಿರಾಕಿಯನ್ನು ಒಳಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಬಿಚ್ಚಿದ ಡಿಸ್ಕನ್ನು ಅವನ ಮಡಿಲಲ್ಲಿಟ್ಟು, ಮೃದುವಾಗಿ ವಿವರಿಸುವರು; ಬೇಡಿಕೊಳ್ಳುವರು ಎಂದರೂ ಸಲ್ಲುತ್ತದೆ. ಕೆಲವರು ಕೇಳಿದರು. ಕೆಲವರು ಮುದುಕ ಹೆದರಿದ್ದಾನೆಂದು ಬೇರೆಡೆಗೆ ಹೋದರು. ಹಾಗೆ ಹೋದವರು ಓಡಿಸುವ ದಿನ, ಎಂದೂ ಟ್ರ್ಯಾಕಿನ ಮುಖ ನೋಡದಿದ್ದ ಆ ಮನುಷ್ಯ ಸಖೀರಿನ ಬೇಲಿಗೆ ಒರಗಿ, ಕಟ್ಟಕಡೆಯ ಕಾರು ಓಟ ಮುಗಿಸಿ ಒಳಗೆ ಬರುವವರೆಗೆ ಬಿಸಿಲಲ್ಲಿ ನಿಂತಿರುತ್ತಿದ್ದರು.

ಕೇಡನ್ನು ಮುಂಚಿತವಾಗಿ ಕಾಣಬಲ್ಲವರ ವರ್ಗವೊಂದು ಲೋಕದಲ್ಲಿದೆ. ಕಾಣುವುದಕ್ಕೆ ಅವರು ಆಯುಷ್ಯವನ್ನೆಲ್ಲ ವ್ಯಯಿಸಿರುತ್ತಾರೆ. ಕಂಡದ್ದನ್ನು ಇನ್ನೊಬ್ಬರ ಮನಸ್ಸಿಗೆ ಮುಟ್ಟಿಸುವ ವಿದ್ಯೆ ಬೇರೆಯೇ ಇದೆಯೆಂದು ಯಾರೂ ಅವರಿಗೆ ಕಲಿಸಿರುವುದಿಲ್ಲ. ಕೇಡು ಸಂಭವಿಸಿದ ಮೇಲೆ ಜನ ಅವರ ಬೆನ್ನು ತಟ್ಟಿ, ‘ನೀವು ಆಗಲೇ ಹೇಳಿದ್ದಿರಿ’ ಎನ್ನುತ್ತಾರೆ. ಅಂಥವರ ಪಾಲಿಗೆ ಅದಕ್ಕಿಂತ ಕ್ರೂರವಾದ ಹೊಗಳಿಕೆ ಇನ್ನೊಂದಿಲ್ಲ.